ಆ ಬಾಯ್ಲರಿಗೆ ಕಲ್ಲಿದ್ದಲು ಎಲ್ಲಿಂದ ಬಂತು?

ನಮಸ್ಕಾರ,

ನಿಮ್ಮ ಕಥೆ ಓದಿದೆ. 1885ರ ಜುಲೈನಲ್ಲಿ ಅಮೆರಿಕದ ಮಿಶಿಗನ್‌ನ ಸ್ಯಾಗಿನಾ ಕಣಿವೆಯಲ್ಲಿ ನಡೆದ ಮುಷ್ಕರ, ಹಬೆಯಿಂದ ಓಡುವ ಒಂದು ಸಾಮಿಲ್ಲು, ಅಲ್ಲಿ ದುಡಿಯುವ ಅಣ್ಣ ತಮ್ಮ. ವಸ್ತು ಹೊಸದು, ಭಾಷೆ ಹದವಾಗಿದೆ, ಓದಿಸಿಕೊಂಡು ಹೋಗುತ್ತದೆ. ಹೊಗಳಿಕೆ ಇಷ್ಟು ಸಾಕು, ಅಲ್ವಾ? ಈಗ ನನಗೆ ಸಿಟ್ಟು ಬಂದ ಜಾಗಕ್ಕೆ ಬರುತ್ತೇನೆ.

ಎರಡನೇ ಪುಟ. "ತಮ್ಮ ಬೆವರು ಒರೆಸಿಕೊಂಡು ಬಾಯ್ಲರಿನ ಒಲೆಗೆ ಕಲ್ಲಿದ್ದಲು ಸುರಿದ." ಎಲ್ಲಿಯ ಕಲ್ಲಿದ್ದಲು? ಸುತ್ತ ನೋಡಿ. 1882ರಲ್ಲಿ ಅಲ್ಲಿನ ಸ್ಯಾಗಿನಾ ನದಿ ದಂಡೆಯ ಮಿಲ್ಲುಗಳು ನೂರು ಕೋಟಿ ಬೋರ್ಡ್ ಅಡಿಗಿಂತ ಜಾಸ್ತಿ ಮರ ಕೊಯ್ದವು. ಒಂದಡಿ ಉದ್ದ, ಒಂದಡಿ ಅಗಲ, ಒಂದಿಂಚು ದಪ್ಪದ ಹಲಗೆಗೆ ಒಂದು ಬೋರ್ಡ್ ಅಡಿ. ಆಗಿನ ದೊಡ್ಡ ದುಂಡು ಗರಗಸ ಒಂದು ಸೀಳಿಗೆ ಸುಮಾರು ಕಾಲಿಂಚು ಮರವನ್ನು ಪುಡಿ ಮಾಡುತ್ತಿತ್ತು. ಅಂದರೆ ಒಂದಿಂಚಿನ ನಾಲ್ಕು ಹಲಗೆ ಕೊಯ್ದರೆ, ಐದನೆಯದು ಹೊಟ್ಟಾಗಿ ನೆಲಕ್ಕೆ. ಆ ಹೊಟ್ಟು, ದಿಮ್ಮಿಯ ಹೊರಮೈಯ ಸೀಳುಗಳು, ತೊಗಟೆ, ಇವೇ ಬಾಯ್ಲರಿನ ಉರುವಲು. ಸುಟ್ಟಷ್ಟೂ ಮಿಕ್ಕುತ್ತಿತ್ತು. ಆ ಮಿಕ್ಕಿದ್ದನ್ನೂ, ಎಂಜಿನ್ ಹೊರಗೆ ಬಿಟ್ಟ ಹಬೆಯನ್ನೂ ಬಳಸಿ ಮಿಲ್ಲಿನವರು ಪಕ್ಕದಲ್ಲೇ ಬಾವಿಯ ಉಪ್ಪುನೀರು ಕಾಯಿಸಿ ಉಪ್ಪು ತೆಗೆಯುತ್ತಿದ್ದರು. ಸಾಮಿಲ್ಲಿನಲ್ಲಿ ಉಪ್ಪು! ಇಂಥದ್ದು ಕೈಗೆ ಸಿಕ್ಕರೆ ಯಾವ ಕಥೆಗಾರ ಬಿಡುತ್ತಾನೆ?

ಇನ್ನೂ ತಮಾಷೆ ಏನೆಂದರೆ, ಮುಷ್ಕರದವರ ಘೋಷಣೆಯನ್ನು ನೀವೇ ಬರೆದಿದ್ದೀರಿ: "ಹತ್ತು ಗಂಟೆ ಕೆಲಸ, ಇಲ್ಲದಿದ್ದರೆ ಹೊಟ್ಟಿಲ್ಲ." ಘೋಷಣೆಯಲ್ಲಿ ಹೊಟ್ಟು, ಒಲೆಯಲ್ಲಿ ಕಲ್ಲಿದ್ದಲು.

ಐದನೇ ಪುಟ. "ಗರಗಸ ನಿಧಾನವಾಗಿ ದಿಮ್ಮಿಯತ್ತ ಸರಿಯಿತು." ಗರಗಸ ಸರಿಯುವುದಿಲ್ಲ. ನಿಂತಲ್ಲೇ ತಿರುಗುತ್ತದೆ, ನಿಮಿಷಕ್ಕೆ ಐನೂರು ಆರುನೂರು ಸುತ್ತು. ಬರುವುದು ದಿಮ್ಮಿ, ಹಳಿಯ ಮೇಲಿನ ಬಂಡಿಯಲ್ಲಿ. ದೊಡ್ಡ ಮಿಲ್ಲುಗಳಲ್ಲಿ ಆ ಬಂಡಿಯನ್ನು ನೂಕುವುದೂ ಹಬೆಯೇ, ಉದ್ದನೆಯ ಸಿಲಿಂಡರಿನ ಪಿಸ್ಟನ್ನಿನಿಂದ. ನಿಧಾನದ ಮಾತೇ ಇಲ್ಲ.

ಅದರ ಕೆಳಗೇ ಇದೆ: "'ಅಣ್ಣಾ, ಅಪ್ಪ ಇದ್ದಿದ್ದರೆ ಈ ಅನ್ಯಾಯಕ್ಕೆ ಏನನ್ನುತ್ತಿದ್ದರು?' ಎಂದು ತಮ್ಮ ಮೆಲ್ಲಗೆ ಕೇಳಿದ." ಮೆಲ್ಲಗೆ! ಆ ಸದ್ದಿನಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುವುದು ಕಷ್ಟ. ಅದಕ್ಕೇ ಕೊಯ್ಯುವ ಮೇಸ್ತ್ರಿ ಬೆರಳು ತೋರಿಸುತ್ತಿದ್ದ. ಬಂಡಿಯ ಮೇಲೆ ನಿಂತು ಹೋಗಿಬರುವವನು ಆ ಬೆರಳು ನೋಡಿ, ಮುಂದಿನ ಹಲಗೆ ಎಷ್ಟು ದಪ್ಪ ಎಂದು ತಿಳಿದು, ಹಿಡಿ ಎಳೆದು ದಿಮ್ಮಿಯನ್ನು ಅಷ್ಟು ಮುಂದಕ್ಕೆ ಜರುಗಿಸುತ್ತಿದ್ದ. ತಮ್ಮನನ್ನು ಬಾಯ್ಲರಿನಿಂದ ಬಿಡಿಸಿ ಆ ಬಂಡಿ ಹತ್ತಿಸಿ. ಅಣ್ಣ ಮೇಸ್ತ್ರಿಯಾಗಲಿ. ಮುಷ್ಕರಕ್ಕೆ ಸೇರಬೇಕೋ ಬೇಡವೋ ಅಂತ ಮನೆಯಲ್ಲಿ ಜಗಳ ಆಡಿ ಬಂದವರು, ಇಲ್ಲಿ ದಿನವಿಡೀ ಒಬ್ಬರ ಕೈಯನ್ನು ಇನ್ನೊಬ್ಬರು ನೋಡಲೇಬೇಕು. ಅಪ್ಪನ ಬಗ್ಗೆ ನೀವು ಬರೆದ ಡೈಲಾಗಿಗಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ.

ನಾನು ಕೆಲಸ ಕಲಿತ ವಾರಪತ್ರಿಕೆಯಲ್ಲಿ ಪ್ರೆಸ್ಸು ಕೆಳಗೆ, ನಮ್ಮ ಮೇಜುಗಳು ಮಹಡಿಯಲ್ಲಿ. ಒಬ್ಬರು ಹಿರಿಯ ಉಪಸಂಪಾದಕರಿದ್ದರು. ನಾವು ಬರೆದದ್ದನ್ನು ಓದುವ ಮೊದಲೇ, "ಕೆಳಗೆ ಹೋಗಿ ಒಂದು ಫಾರಂ ಅಚ್ಚಾಗೋದು ನೋಡ್ಕೊಂಡು ಬಾ" ಅನ್ನುತ್ತಿದ್ದರು. ಮಷೀನು ಶುರುವಾದರೆ ನೆಲ ಅದುರುತ್ತಿತ್ತು. ಮಷೀನಿನವನು ಹೆಬ್ಬೆರಳು ಕೆಳಗೆ ಮಾಡಿದರೆ ಇಂಕು ಕಮ್ಮಿ ಮಾಡು, ಅಂಗೈ ಅಡ್ಡ ಹಿಡಿದರೆ ನಿಲ್ಲಿಸು. ಹೆಲ್ಪರ್ ಹುಡುಗ ಅವನ ಮುಖ ನೋಡುತ್ತಲೇ ಇರಲಿಲ್ಲ. ಮೇಲೆ ಬಂದ ಕೂಡಲೇ ಅವರ ಪ್ರಶ್ನೆ: "ಯಾರು ಏನನ್ನ ನೋಡ್ತಿದ್ರು?" ಉತ್ತರ ಇದ್ದರೆ ಕಾಪಿ ಕೈಗೆತ್ತಿಕೊಳ್ಳುತ್ತಿದ್ದರು, ಇಲ್ಲದಿದ್ದರೆ ಮತ್ತೆ ಮೆಟ್ಟಿಲು. ಆಗೆಲ್ಲ ಅವರನ್ನು ಚೆನ್ನಾಗಿ ಬೈದುಕೊಂಡಿದ್ದೇನೆ. ಅವರ ಚಟ ನನಗೂ ಅಂಟಿದೆ, ನೀವು ಸಿಕ್ಕಿಬಿದ್ದಿರಿ.

ಕಥೆ ವಾಪಸ್ ಕಳಿಸುತ್ತಿದ್ದೇನೆ. ಎರಡನೇ ಪುಟ ಹೊಸದಾಗಿ ಬರೆಯಿರಿ. ಐದನೆಯದರ ಮಾತುಗಳನ್ನೆಲ್ಲ ಮಿಲ್ಲಿನ ಸೀಟಿ ಊದಿದ ಮೇಲೆ, ಊಟದ ಹೊತ್ತಿಗೆ ಸಾಗಿಸಿ. ಪಿಂಕರ್ಟನ್ ಕಂಪನಿಯ ಬಾಡಿಗೆ ಕಾವಲಿನವರು ಬಂದಿಳಿಯುವ ಭಾಗ ಹಾಗೇ ಇರಲಿ, ಮುಟ್ಟಬೇಡಿ. ಶೀರ್ಷಿಕೆ ನನಗೆ ಹಿಡಿಸಿಲ್ಲ. ಅದನ್ನು ಆಮೇಲೆ ನೋಡೋಣ.