ಸಂದರ್ಶನದ ದಿನ ಎಚ್‌ಆರ್‌ವಿ ಇಳಿದರೆ ಹೃದಯಕ್ಕೆ ತೊಂದರೆಯೇ?

ಪ್ರಶ್ನೆ: ನನಗೆ 34 ವರ್ಷ. ಬಿ.ಪಿ., ಶುಗರ್ ಏನೂ ಇಲ್ಲ. ಕಳೆದ ತಿಂಗಳು ಮಾಡಿಸಿದ ಇ.ಸಿ.ಜಿ. ಕೂಡ ನಾರ್ಮಲ್ ಬಂದಿದೆ. ಕೈಗೆ ಕಟ್ಟುವ ಸ್ಮಾರ್ಟ್‌ವಾಚ್‌ನಲ್ಲಿ ಎಚ್‌ಆರ್‌ವಿ (ಹಾರ್ಟ್ ರೇಟ್ ವೇರಿಯಬಿಲಿಟಿ, ಅಂದರೆ ಹೃದಯ ಬಡಿತಗಳ ನಡುವಿನ ಅಂತರದ ಏರುಪೇರು) ಸಾಮಾನ್ಯವಾಗಿ 50 ಮಿಲಿಸೆಕೆಂಡ್‌ನ ಆಸುಪಾಸಿನಲ್ಲಿ ಇರುತ್ತದೆ. ಬಡ್ತಿಯ ಸಂದರ್ಶನಕ್ಕೆ ಕಾಯುತ್ತಿದ್ದಾಗ ಅದು 28ಕ್ಕೆ ಇಳಿದಿತ್ತು, ರಾತ್ರಿ ಮತ್ತೆ ಮೊದಲಿನಂತಾಯಿತು. ನನ್ನ ಸ್ನೇಹಿತನದು ಯಾವಾಗಲೂ 80 ಇರುತ್ತದೆ. ಡಾಕ್ಟರೇ, ಟೆನ್ಷನ್‌ನಿಂದ ನನ್ನ ಹೃದಯ ದುರ್ಬಲವಾಗುತ್ತಿದೆಯೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ನೀವು ಬರೆದಿರುವ ವಿವರಗಳಲ್ಲಿ ಹೃದಯ ದುರ್ಬಲವಾಗುತ್ತಿರುವ ಲಕ್ಷಣ ಯಾವುದೂ ಇಲ್ಲ. ಸಂದರ್ಶನದ ಹೊತ್ತಿನಲ್ಲಿ ಅಂಕಿ ಇಳಿದದ್ದು, ಆಮೇಲೆ ತಾನಾಗಿಯೇ ಏರಿದ್ದು, ಎರಡೂ ಆರೋಗ್ಯವಂತ ಹೃದಯ ಮಾಡುವ ಕೆಲಸವೇ.

ನಿಮಿಷಕ್ಕೆ 60 ಬಡಿತವೆಂದರೆ ಪ್ರತಿ ಬಡಿತದ ನಡುವೆ ಸರಿಯಾಗಿ 1000 ಮಿಲಿಸೆಕೆಂಡ್ ಅಂತರವಿರುತ್ತದೆ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಒಂದು ಅಂತರ 960 ಇದ್ದರೆ ಮುಂದಿನದು 1030, ಅದರ ನಂತರದ್ದು 990 ಇರಬಹುದು. ಈ ಏರುಪೇರಿನ ಅಳತೆಯೇ ಎಚ್‌ಆರ್‌ವಿ. ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ನಿಧಾನವಾಗಿ ಉಸಿರಾಡಿ ನೋಡಿ: ಉಸಿರು ಎಳೆದುಕೊಳ್ಳುವಾಗ ನಾಡಿ ತುಸು ಚುರುಕಾಗಿ, ಬಿಡುವಾಗ ನಿಧಾನವಾಗುವುದು ಅನೇಕರಿಗೆ ಬೆರಳಿಗೇ ತಿಳಿಯುತ್ತದೆ.

ಇದರ ಹಿಂದಿರುವುದು ಮುಖ್ಯವಾಗಿ ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ. ನರಗಳ ಹಿಡಿತವೇ ಇಲ್ಲದಿದ್ದರೆ ಹೃದಯ ತನ್ನಷ್ಟಕ್ಕೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ವಿಶ್ರಾಂತಿಯಲ್ಲಿ ಅದನ್ನು 60–80ಕ್ಕೆ ತಗ್ಗಿಸಿ ಇಡುವುದು ಈ ನರ, ಕಡಿವಾಣ ಹಿಡಿದ ಸವಾರನಂತೆ. ಇದರ ಪ್ರಭಾವ ಒಂದೆರಡು ಬಡಿತಗಳೊಳಗೆ ಕಾಣಿಸಿದರೆ, ಬಡಿತವನ್ನು ಹೆಚ್ಚಿಸುವ ಸಿಂಪಥೆಟಿಕ್ ನರಗಳಿಗೆ ಕೆಲವು ಸೆಕೆಂಡುಗಳು ಬೇಕು. ಮನಸ್ಸಿಗೆ ಒತ್ತಡ ಬಿದ್ದೊಡನೆ ವೇಗಸ್ ತನ್ನ ಹಿಡಿತವನ್ನು ಸಡಿಲಿಸುವುದರಿಂದ ಬಡಿತ ಏರುತ್ತದೆ, ಒಂದೊಂದು ಬಡಿತದ ನಡುವಿನ ಏರುಪೇರು ಕುಗ್ಗುತ್ತದೆ.

1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಪರೀಕ್ಷೆಯೊಂದು ನಿಮ್ಮ ಸಂದರ್ಶನವನ್ನೇ ಹೋಲುತ್ತದೆ. ಅದರಲ್ಲಿ ಭಾಗವಹಿಸುವವರು ಮುಖದಲ್ಲಿ ಯಾವ ಭಾವವನ್ನೂ ತೋರಿಸದ ತೀರ್ಪುಗಾರರ ಎದುರು ನಿಂತು, ತಾವು ಬಯಸುವ ಒಂದು ಕೆಲಸಕ್ಕೆ ತಾವೇಕೆ ಯೋಗ್ಯರೆಂದು 5 ನಿಮಿಷ ಮಾತನಾಡಿ, ಬಳಿಕ 1022ರಿಂದ 13ನ್ನು ಕಳೆಯುತ್ತಾ ಹೋಗಬೇಕು; ತಪ್ಪಿದರೆ ಮತ್ತೆ 1022ರಿಂದಲೇ ಆರಂಭ. (ಗಣಿತದ ಮೇಷ್ಟ್ರಿಗೂ ಬೆವರಿಳಿಸುವ ಲೆಕ್ಕ.) ಇಂಥ ಪರೀಕ್ಷೆಗಳಲ್ಲಿ ಆರೋಗ್ಯವಂತ ವಯಸ್ಕರ ಎಚ್‌ಆರ್‌ವಿ ಸಾಮಾನ್ಯವಾಗಿ ಇಳಿಯುತ್ತದೆ, ಮುಗಿದ ಮೇಲೆ ಹಿಂದಿನ ಮಟ್ಟದತ್ತ ಮರಳುತ್ತದೆ. ಆದರೆ ಇಲ್ಲಿ ಒಂದು ತೊಡಕಿದೆ: ಮಾತನಾಡುವಾಗ ಉಸಿರಾಟದ ಲಯವೇ ಬದಲಾಗುವುದರಿಂದ, ಅಂಕಿಯ ವ್ಯತ್ಯಾಸದಲ್ಲಿ ಒತ್ತಡದ ಪಾಲೆಷ್ಟು, ಉಸಿರಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ನಿಮಿಷಕ್ಕೆ 6 ಸಲದಂತೆ ನಿಧಾನವಾಗಿ ಉಸಿರಾಡಿದರೆ ಮನಸ್ಸು ಹೇಗೇ ಇರಲಿ, ಅಂಕಿ ಮೇಲೇರಬಹುದು. ವಾಚಿನ ಕಂಪನಿಗಳು ಇಷ್ಟೆಲ್ಲವನ್ನೂ ಒಂದೇ 'ಸ್ಟ್ರೆಸ್ ಸ್ಕೋರ್' ಮಾಡಿ ತೋರಿಸುವುದು ನನಗಂತೂ ಸರಿಕಾಣುವುದಿಲ್ಲ.

ಸ್ನೇಹಿತರ 80ರ ಜೊತೆ ಹೋಲಿಕೆ ಬೇಡ. ಎಚ್‌ಆರ್‌ವಿ ಒಬ್ಬರಿಂದೊಬ್ಬರಿಗೆ ಬಹಳ ಭಿನ್ನ, ವಯಸ್ಸಾದಂತೆ ಕಡಿಮೆಯಾಗುತ್ತದೆ. ಸಾಲದ್ದಕ್ಕೆ ಎಲ್ಲ ವಾಚುಗಳೂ ಒಂದೇ ಸೂತ್ರದಿಂದ ಲೆಕ್ಕ ಹಾಕುವುದಿಲ್ಲ. ಹೆಚ್ಚಿದ್ದರೆ ಒಳ್ಳೆಯದೆಂಬ ಮಾತೂ ಯಾವಾಗಲೂ ನಿಜವಲ್ಲ, ಬಡಿತದ ಲಯ ತಪ್ಪಿದವರಲ್ಲಿ ಈ ಅಂಕಿ ಸುಳ್ಳುಸುಳ್ಳಾಗಿ ಏರುತ್ತದೆ. ನೋಡಲೇಬೇಕೆಂದಿದ್ದರೆ ನಿದ್ದೆಯ ಅವಧಿಯ ನಿಮ್ಮದೇ ಅಂಕಿಗಳನ್ನು ಕೆಲವು ವಾರ ಗಮನಿಸಿ. ಅವು ಕೆಳಮಟ್ಟದಲ್ಲೇ ನಿಂತರೆ ನಿದ್ದೆಗೇಡು, ಜ್ವರ, ಮದ್ಯ ಅಥವಾ ಬಿಡುವಿಲ್ಲದ ದುಡಿಮೆ ಕಾರಣವಾಗಿರಬಹುದು. ಎದೆನೋವು, ತಲೆಸುತ್ತು, ಎಚ್ಚರ ತಪ್ಪುವುದು, ನಾಡಿ ಎರ್ರಾಬಿರ್ರಿಯಾಗಿ ಬಡಿಯುವುದು ಇದ್ದರೆ ವಾಚ್ ಏನೇ ತೋರಿಸಲಿ, ತಡಮಾಡದೆ ವೈದ್ಯರನ್ನು ಕಾಣಿ. ಇವು ಯಾವುವೂ ಇಲ್ಲದಿದ್ದರೆ, ಈ 28ರ ಸಲುವಾಗಿ ಮತ್ತೊಂದು ಇ.ಸಿ.ಜಿ. ಮಾಡಿಸುವ ಅಗತ್ಯವಿಲ್ಲ.