ಸಂಬಳಕ್ಕೆ ನುಡಿಸಿದರೆ ಕಲೆ ಕೆಡುತ್ತದೆಯೇ?

ಶೇಕ್ ಕೀನ್ ಬಗ್ಗೆ ನಾವು ಹಾಕಿದ್ದ ಪುಟ್ಟ ಪರಿಚಯ ಓದಿ ಮೈಸೂರಿನ ಓದುಗರೊಬ್ಬರು ಬರೆದಿದ್ದಾರೆ: ‘ಇಂಥ ಟ್ರಂಪೆಟ್ ವಾದಕ ಲಂಡನ್ ಬಿಟ್ಟು ಜರ್ಮನಿಯಲ್ಲಿ ಸಂಬಳಕ್ಕೆ ಸೇರಿದರು, ಆಮೇಲೆ ಊರಿಗೆ ಹೋಗಿ ಸರ್ಕಾರಿ ಅಧಿಕಾರಿಯಾದರು. ಪ್ರತಿಭೆಯನ್ನು ಕೈಯಾರೆ ಹಾಳು ಮಾಡಿಕೊಂಡರು, ಅಲ್ವಾ?’

ಉತ್ತರ: ಅಲ್ಲ ಸ್ವಾಮಿ. ಅವರದೇ ಹೆಸರಿನ ರೆಕಾರ್ಡುಗಳು ಇನ್ನೂ ಜಾಸ್ತಿ ಬರಬೇಕಿತ್ತು, ಅಷ್ಟು ಒಪ್ಪುತ್ತೇನೆ. ‘ಹಾಳು’ ಎನ್ನುವ ಮಾತನ್ನು ಮಾತ್ರ ಒಪ್ಪಲಾರೆ.

ಕೀನ್ ಹುಟ್ಟಿದ್ದು 1927ರಲ್ಲಿ, ಕೆರಿಬಿಯನ್‌ನ ಸೇಂಟ್ ವಿನ್ಸೆಂಟ್ ದ್ವೀಪದಲ್ಲಿ. ಟ್ರಂಪೆಟ್ ಕಲಿಸಿದ್ದು ಅಪ್ಪ. 1952ರಲ್ಲಿ ಲಂಡನ್‌ಗೆ ಬರುವಷ್ಟರಲ್ಲಿ ಎರಡು ಕವನ ಸಂಕಲನ ತಂದಿದ್ದರು. ಅಲ್ಲಿ ಬಿಬಿಸಿಯಲ್ಲಿ ಕವಿತೆ ಓದಿದರು, ಕ್ಲಬ್ಬುಗಳಲ್ಲಿ ನುಡಿಸಿದರು. ಜಮೈಕಾದ ಜೋ ಹ್ಯಾರಿಯಟ್ ಜೊತೆ 1960ರಲ್ಲಿ ಮಾಡಿದ ‘ಫ್ರೀ ಫಾರ್ಮ್’ ಎಂಬ ಜಾಝ್ ರೆಕಾರ್ಡು ಕೇಳಿದ್ದೀರಾ? ಹ್ಯಾರಿಯಟ್ ಸ್ಯಾಕ್ಸೊಫೋನ್ ಚೂಪಾಗಿ ನುಗ್ಗುತ್ತದೆ. ಹಿಡಿದುಕೊಳ್ಳಲು ಮೊದಲೇ ಗೊತ್ತು ಮಾಡಿದ ಚೌಕಟ್ಟಿಲ್ಲ, ಕೆಲವು ಕಡೆ ತಾಳವೂ ಸಡಿಲ. ಕೀನ್ ಗಾಬರಿ ಬೀಳುವುದಿಲ್ಲ. ಕೇಳಿಸಿಕೊಳ್ಳುತ್ತಾರೆ, ತಡೆದು, ಟ್ರಂಪೆಟ್ ಜಾತಿಯದೇ ಆದ ಫ್ಲೂಗಲ್‌ಹಾರ್ನ್‌ನ ಮೆತ್ತಗಿನ ನಾದದಲ್ಲಿ ಎದುರುತ್ತರ ಕೊಡುತ್ತಾರೆ.

ಇದೇ ತಂಡದ ‘ಅಬ್‌ಸ್ಟ್ರ್ಯಾಕ್ಟ್’ ರೆಕಾರ್ಡಿಗೆ ಅಮೆರಿಕದ ಜಾಝ್ ಪತ್ರಿಕೆ ‘ಡೌನ್ ಬೀಟ್’ ಐದಕ್ಕೆ ಐದು ನಕ್ಷತ್ರ ಕೊಟ್ಟಿತು. ಹೊಗಳಿಕೆಯಿಂದ ಹೊಟ್ಟೆ ತುಂಬುತ್ತದಾ? ಹ್ಯಾರಿಯಟ್ 1973ರಲ್ಲಿ, ಬರೀ 44ನೇ ವಯಸ್ಸಿಗೆ, ಕಾಯಿಲೆ ಮತ್ತು ಬಡತನದಲ್ಲಿ ತೀರಿಕೊಂಡರು. ಸಂಬಳದ ಕೆಲಸವನ್ನು ಹಗುರವಾಗಿ ಕಾಣುವವರು ಈ ಸಾವನ್ನು ಯಾಕೆ ಮರೆಯುತ್ತಾರೋ!

ಕೀನ್ 1965ರಲ್ಲಿ ಜರ್ಮನಿಯ ಕಲೋನ್‌ಗೆ ಹೋಗಿ ಕುರ್ಟ್ ಎಡೆಲ್‌ಹಾಗನ್ ಅವರ ರೇಡಿಯೋ ಆರ್ಕೆಸ್ಟ್ರಾ ಸೇರಿದರು. ಅದೇನು ಸುಮ್ನೆ ಕೂತು ತಿನ್ನುವ ಕೆಲಸವಲ್ಲ. ಸ್ಟ್ಯಾಂಡ್ ಮೇಲೆ ಹೊಸ ಸ್ವರಲಿಪಿ ಇಟ್ಟರೆ ನೋಡುತ್ತಲೇ ನುಡಿಸಬೇಕು, ಪಕ್ಕದವರ ಉಸಿರಿಗೆ ಉಸಿರು ಕೂಡಿಸಬೇಕು. ಕೆನ್ನಿ ಕ್ಲಾರ್ಕ್–ಫ್ರಾನ್ಸಿ ಬೋಲಾಂಡ್ ಬಿಗ್ ಬ್ಯಾಂಡ್ ಎಂಬ ದೊಡ್ಡ ಜಾಝ್ ತಂಡದಲ್ಲೂ ನುಡಿಸಿದರು. ಕಲ್ಕತ್ತಾದಲ್ಲಿ ಹುಟ್ಟಿದ ಜಾನ್ ಮೇಯರ್ ಅವರು ಸಿತಾರ್, ತಬಲಾ ಸೇರಿಸಿ ಹ್ಯಾರಿಯಟ್ ಜೊತೆ ಮಾಡಿದ ಇಂಡೋ-ಜಾಝ್‌ನಲ್ಲೂ ಇವರ ಟ್ರಂಪೆಟ್ ಇದೆ. ಹಾಳಾಗಿದ್ದು ಎಲ್ಲಿ ಹೇಳಿ?

1972ರಲ್ಲಿ ಹುಟ್ಟಿದೂರಿನ ಸರ್ಕಾರವೇ ಸಂಸ್ಕೃತಿ ನಿರ್ದೇಶಕರಾಗಲು ಕರೆಯಿತು. ಹೋದರು. 1974ರ ಕೊನೆಗೆ ಚುನಾವಣೆಯಾಗಿ ಸರ್ಕಾರ ಬದಲಾಯಿತು, 1975ಕ್ಕೆ ಆ ಹುದ್ದೆಯೂ ಮುಗಿಯಿತು. ಕಲಾವಿದರನ್ನು ಮಾಲೆ ಹಾಕಿ ಕರೆಸುವುದು, ಮೂರು ವರ್ಷಕ್ಕೆ ಕೈಬಿಡುವುದು. ಬೈಯುವುದಿದ್ದರೆ ಈ ಚಾಳಿಯನ್ನು ಬೈಯಿರಿ. ಕೀನ್ ಮೇಷ್ಟ್ರಾದರು, ಬರೆಯುವುದು ಬಿಡಲಿಲ್ಲ. 1979ರಲ್ಲಿ ಕವಿತೆಗೆ ಕ್ಯೂಬಾದ ಕಾಸಾ ದೆ ಲಾಸ್ ಅಮೆರಿಕಾಸ್ ಪ್ರಶಸ್ತಿ ಬಂತು.

ಇನ್ನೊಂದು ಮಾತು. ವೇದಿಕೆಯ ಮುಂದೆ ನಿಂತವರಷ್ಟೇ ಕಲಾವಿದರು, ಹಿಂದಿನ ಸಾಲಿನಲ್ಲಿ ಕೂತವರು ನೌಕರರು ಎಂಬ ಈ ಧೋರಣೆ ನಮ್ಮಲ್ಲೂ ಇದೆ. ನಮ್ಮ ರೇಡಿಯೋ ನಿಲಯದ ಕಲಾವಿದರನ್ನು ಯಾರು ನೆನೆಸುತ್ತಾರೆ? ಕೀನ್‌ಗೆ ಸಂಬಳ ಕೊಟ್ಟ ಜರ್ಮನಿಯಲ್ಲೇ 2016ರಲ್ಲಿ ಎಸ್‌ಡಬ್ಲ್ಯೂಆರ್ ರೇಡಿಯೋ ತನ್ನ ಎರಡು ಆರ್ಕೆಸ್ಟ್ರಾಗಳನ್ನು ಉಳಿತಾಯದ ಹೆಸರಲ್ಲಿ ಒಂದು ಮಾಡಿತು. ಸಂಬಳದ ಕುರ್ಚಿಗಳು ಕಡಿಮೆಯಾದಷ್ಟೂ ಇನ್ನೊಬ್ಬ ಕೀನ್‌ಗೆ ಜಾಗ ಎಲ್ಲಿಂದ ಬರಬೇಕು?

1989ರಲ್ಲಿ, ಅರವತ್ತು ದಾಟಿದ ಮೇಲೆ, ಅವರು ಮತ್ತೆ ಹಳೆಯ ಗೆಳೆಯರನ್ನು ಕೂಡಿಕೊಂಡು ಹ್ಯಾರಿಯಟ್ ನೆನಪಿಗೆ ಊರೂರು ತಿರುಗಿ ನುಡಿಸಿದರು. ‘ಫ್ರೀ ಫಾರ್ಮ್’ ಒಮ್ಮೆ ಪೂರ್ತಿ ಕೇಳಿ, ಆಮೇಲೆ ಮತ್ತೆ ಬರೆಯಿರಿ. ಖಂಡಿತ ಪ್ರಕಟಿಸುತ್ತೇವೆ.