ಮಾರ್ಕನ್ನು ಒಂದಡಿ ಹಿಂದಕ್ಕಿಡು

ಪ್ರಶ್ನೆ: ಮೇಡಂ, ನಾನು ಸೆಕೆಂಡ್ ಪಿಯುಸಿ ಓದುತ್ತಿದ್ದೇನೆ. ಲಾಂಗ್ ಜಂಪ್ ಮಾಡುತ್ತೇನೆ. ಪ್ರಾಕ್ಟೀಸಿನಲ್ಲಿ 5.30 ಮೀಟರ್ ಬರುತ್ತೆ. ಆದರೆ ಕಳೆದ ಮೂರು ಕೂಟಗಳಲ್ಲಿ ಎರಡರಲ್ಲಿ ಮೂರಕ್ಕೆ ಮೂರೂ ಫೌಲ್. ಇನ್ನೊಂದರಲ್ಲಿ ಬರೀ 4.81. ಹಿಂದಿನ ರಾತ್ರಿ ನಿದ್ದೆ ಬರಲ್ಲ. ಬೆಳಿಗ್ಗೆ ತಿಂದಿದ್ದು ಹೊಟ್ಟೆಯಲ್ಲಿ ನಿಲ್ಲಲ್ಲ. ನಾನು ಸೋಮಾರಿ ಅಲ್ಲ ಮೇಡಂ. ಜಂಪ್ ಸರಿಯಾಗುವವರೆಗೂ ಗ್ರೌಂಡ್ ಬಿಡಲ್ಲ, ಕೆಲವು ದಿನ ಇಪ್ಪತ್ತೈದು ಸಲ ಹಾರುತ್ತೇನೆ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಅವರು ಕೊಟ್ಟ ಲೆಕ್ಕದ ಪುಸ್ತಕದಲ್ಲಿ ದಿನಾ ನನ್ನ ತಪ್ಪುಗಳನ್ನು ಕೆಂಪು ಇಂಕಿನಲ್ಲಿ ಬರೆದಿಡುತ್ತೇನೆ. ಆದರೂ ಹೀಗೆ. ನಿನ್ನ ಮನಸ್ಸೇ ವೀಕು ಅಂತಾರೆ ನಮ್ಮ ಪಿಟಿ ಮೇಷ್ಟ್ರು. ನಿಜವಾ?
- ಹೆಸರು ಬೇಡ, ತಿಪಟೂರು

ಉತ್ತರ: ನೀನು ಅಂತಲೇ ಬರೆಯುತ್ತೇನೆ, ಬೇಜಾರಿಲ್ಲ ತಾನೇ? ಇಪ್ಪತ್ತೆಂಟು ವರ್ಷ ಹುಡುಗಿಯರನ್ನು ಮರಳಿನ ಪಿಟ್‌ಗೆ ಹಾರಿಸಿದವಳು ನಾನು. ಅಭ್ಯಾಸ ಹೋಗಲ್ಲ.

ಮನಸ್ಸಿನ ವಿಚಾರ ಆಮೇಲೆ. ಮೊದಲು ಕಾಲಿನ ವಿಚಾರ.

ನೀನು ರನ್-ಅಪ್ ಮಾರ್ಕ್, ಅಂದರೆ ಓಟ ಶುರು ಮಾಡೋ ಜಾಗದ ಗುರುತು, ಇಡುವುದು ಯಾವಾಗ? ಪ್ರಾಕ್ಟೀಸಿನಲ್ಲಿ. ಅದೂ ಹತ್ತು ಹದಿನೈದು ಜಂಪ್ ಮುಗಿದ ಮೇಲೆ, ಕಾಲೂರಿ ಹಾರೋ ಬೋರ್ಡ್ ಸರಿಯಾಗಿ ಸಿಗತೊಡಗಿದಾಗ. ಅಷ್ಟು ಹೊತ್ತಿಗೆ ಕಾಲು ಸುಸ್ತಾಗಿರುತ್ತೆ. ಸುಸ್ತಾದ ಕಾಲಿನ ಹೆಜ್ಜೆ ಗಿಡ್ಡ. ಆ ಗಿಡ್ಡ ಹೆಜ್ಜೆಗೆ ಹೊಂದುವ ಮಾರ್ಕನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತೀಯಾ. ಕೂಟದ ದಿನ ಕಾಲು ತಾಜಾ, ಎದೆ ಡವಡವ, ಜನ ನೋಡ್ತಿದ್ದಾರೆ. ಹೆಜ್ಜೆ ತಾನಾಗೇ ಉದ್ದ ಆಗುತ್ತೆ. ಒಂದೊಂದು ಹೆಜ್ಜೆಗೆ ಎರಡೇ ಸೆಂಟಿಮೀಟರ್ ಜಾಸ್ತಿ ಅಂದುಕೋ. ಹದಿನಾರು ಹೆಜ್ಜೆಗೆ 32 ಸೆಂಟಿಮೀಟರ್ ಆಯಿತು. ಬೋರ್ಡಿನ ಅಗಲವೇ 20 ಸೆಂಟಿಮೀಟರ್, ಅದನ್ನು ದಾಟಿ ಕಾಲಿಟ್ಟರೆ ಫೌಲ್. ಕೆಂಪು ಬಾವುಟ ಮೇಲೇಳದೆ ಇನ್ನೇನಾಗುತ್ತೆ?

ನೋಡು, ನೀನು ಫೌಲ್ ಆಗುತ್ತಿರುವುದು ಆ ದಿನ ಜೋರಾಗಿ ಓಡಿದ್ದಕ್ಕೆ. ಇದನ್ನು ವೀಕು ಅಂತ ಹೇಗೆ ಕರೆಯೋದು?

ಆ 4.81 ಹೇಗೆ ಬಂತು ಅಂತಲೂ ಊಹಿಸಬಲ್ಲೆ. ಮೊದಲೆರಡು ಫೌಲ್. ಮೂರನೆಯದಕ್ಕೆ 'ಸೇಫಾಗಿ ಹಾರೋಣ' ಅಂದುಕೊಂಡೆ. ಕೊನೆಯ ನಾಲ್ಕು ಹೆಜ್ಜೆ ಬೋರ್ಡನ್ನೇ ನೋಡಿದೆ, ಹೆಜ್ಜೆ ಕತ್ತರಿಸಿದೆ, ಬೋರ್ಡಿಗಿಂತ ಹಿಂದಿನಿಂದಲೇ ಹಾರಿದೆ. ಅಲ್ವಾ? ನನಗೆ ಗೊತ್ತಾಗೋದು ಹೇಗೆ ಅಂದರೆ, ನಾನೇ ಹಾಗೆ ಮಾಡಿದ್ದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ, ಬೆಂಗಳೂರಿನ ಒಂದು ಕೂಟದಲ್ಲಿ. ಮೊದಲ ಫೌಲ್ ಆದಾಗ ಬೋರ್ಡಿನ ಮುಂದಿನ ಪ್ಲಾಸ್ಟಿಸಿನ್ (ಕಾಲು ದಾಟಿದರೆ ಗುರುತು ಬೀಳೋ ಮೆತ್ತನೆ ಪಟ್ಟಿ) ಮೇಲೆ ನನ್ನ ಸ್ಪೈಕ್ಸಿನ ಒಂದೇ ಒಂದು ಮೊಳೆಯ ಗುರುತು, ಸಾಸಿವೆ ಕಾಳಿನಷ್ಟು. ಅಧಿಕಾರಿ ಅದನ್ನು ಬೆರಳಲ್ಲಿ ತೋರಿಸಿ, ಸವರಿ, ನಯ ಮಾಡಿದರು. ಅವರು ಅಳಿಸಿದರು, ನನ್ನ ತಲೆಯಲ್ಲಿ ಅದು ಅಳಿಯಲಿಲ್ಲ. ಉಳಿದ ಎರಡು ಜಂಪನ್ನೂ ಒಂದೂವರೆ ಅಡಿ ಹಿಂದಿನಿಂದ ಹಾರಿದೆ. ಮೊದಲ ಎಂಟರಲ್ಲಿ ಬಂದಿದ್ದರೆ ಇನ್ನೂ ಮೂರು ಅವಕಾಶ ಸಿಗುತ್ತಿತ್ತು. ನಾನು ಒಂಬತ್ತನೆಯವಳು. ಹಾಸ್ಟೆಲಿಗೆ ಬಂದು ಸ್ಪೈಕ್ಸನ್ನು ಬ್ರಶ್ ಹಾಕಿ ತಿಕ್ಕಿ ತೊಳೆದೆ. ತಪ್ಪು ಅದರದ್ದೇ ಅನ್ನೋ ಹಾಗೆ!

ನಿನ್ನ ಲೆಕ್ಕದ ಪುಸ್ತಕದ ಬಗ್ಗೆ ಒಂದು ಮಾತು. ಬರೀ ಖರ್ಚು ಬರೆದು ಜಮಾ ಬರೆಯದ ಪುಸ್ತಕವನ್ನು ನಿಮ್ಮ ಅಪ್ಪನಿಗೆ ತೋರಿಸು. ಇದು ಲೆಕ್ಕವೇ ಅಲ್ಲ ಅಂತಾರೆ. ಕೆಂಪು ಇಂಕು ಇರಲಿ, ತಪ್ಪು ಗುರುತಿಸೋದು ಒಳ್ಳೆಯ ಗುಣ. ಆದರೆ ಎಡಗಡೆ ಜಮಾ ಇರಬೇಕು: 'ಕೊನೆಯ ಮೂರು ಹೆಜ್ಜೆ ಜೋರಿತ್ತು', 'ಮೊಣಕಾಲು ಮೇಲೆ ಬಂತು'. ಫೌಲ್ ಆದರೆ 'ಫೌಲ್' ಅಂತ ಬರೆದು ಸುಮ್ನೆ ಬಿಡಬೇಡ. 'ಆರು ಸೆಂಟಿಮೀಟರ್ ಮುಂದೆ, ಬೆನ್ನ ಹಿಂದೆ ಗಾಳಿ' ಅಂತ ಬರಿ. ಮೊದಲನೆಯದು ಬರೀ ಬೈಗುಳ. ಎರಡನೆಯದರಿಂದ ಮುಂದಿನ ಸಲ ಮಾರ್ಕ್ ಎಲ್ಲಿಡಬೇಕು ಅಂತ ಗೊತ್ತಾಗುತ್ತೆ.

ಎಲ್ಲ ಪ್ರಯತ್ನವೂ ಸರಿಯಾಗಲೇಬೇಕು ಅಂತ ಕೂತವರಿಗೆ ನಾನು ಒಂದೇ ಸ್ಕೋರ್‌ಶೀಟ್ ತೋರಿಸೋದು. ಟೋಕಿಯೊ ಒಲಿಂಪಿಕ್ಸ್‌ನ ಜಾವೆಲಿನ್ ಫೈನಲ್, 2021ರ ಆಗಸ್ಟ್ 7. ನೀರಜ್ ಚೋಪ್ರಾ ಎಸೆತಗಳು: 87.03, 87.58, 76.79, ಫೌಲ್, ಫೌಲ್, 84.24. ಎರಡು ಫೌಲ್, ಒಂದು 76. ಚಿನ್ನ ಬಂತು. 2024ರ ಪ್ಯಾರಿಸ್‌ನಲ್ಲಿ ಇನ್ನೂ ವಿಚಿತ್ರ: ಆರರಲ್ಲಿ ಐದು ಫೌಲ್. ಲೆಕ್ಕಕ್ಕೆ ಸಿಕ್ಕಿದ್ದು ಒಂದೇ, 89.45. ಬೆಳ್ಳಿ! ನಿನ್ನ ಪುಸ್ತಕದಲ್ಲಿ ಬರೆದಿದ್ದರೆ ಆ ಪುಟ ಪೂರ್ತಿ ಕೆಂಪಾಗಿರುತ್ತಿತ್ತು.

ಈಗ ಏನು ಮಾಡಬೇಕು? ಪೂರ್ತಿ ರನ್-ಅಪ್‌ನ ಜಂಪ್ ದಿನಕ್ಕೆ ಆರು, ಹೆಚ್ಚೆಂದರೆ ಎಂಟು. ಆರನೆಯದು ಕೆಟ್ಟದಾಗಿದ್ದರೂ ಸ್ಪೈಕ್ಸ್ ಬಿಚ್ಚು. ನಿನಗೆ ಇದೇ ಎಲ್ಲಕ್ಕಿಂತ ಕಷ್ಟ, ಗೊತ್ತು. ಮೊದಲ ವಾರ ಕೈ ಕಾಲು ಚಡಪಡಿಸುತ್ತೆ. ಮನೆಗೆ ಹೋಗಿಬಿಡು. ಮಾರ್ಕನ್ನು ಒಂದು ದಿನ ರೆಸ್ಟ್ ತೆಗೆದುಕೊಂಡ ಮೇಲೆ, ಮೊದಲ ಮೂರು ಓಟದಲ್ಲೇ ಅಳೆದುಕೋ. ಕೂಟಕ್ಕೆ ಹೋದಾಗ ಅದನ್ನೂ ಒಂದಡಿ ಹಿಂದಕ್ಕಿಡು. ವಾರ್ಮಪ್‌ನಲ್ಲಿ ಎರಡು ಸಲ ಹಾರದೆ ಬರೀ ಓಡು, ಕಾಲು ಎಲ್ಲಿ ಬಿತ್ತು ಅಂತ ಗೆಳತಿಗೆ ನೋಡಲು ಹೇಳು. ಎದುರು ಗಾಳಿ ಇದ್ದರೆ ಸ್ವಲ್ಪ ಮುಂದಕ್ಕೆ, ಬೆನ್ನ ಹಿಂದೆ ಇದ್ದರೆ ಇನ್ನೂ ಹಿಂದಕ್ಕೆ. ಮೊದಲ ಜಂಪ್ ಫೌಲ್ ಆದರೆ ಬೋರ್ಡಿನ ಹತ್ತಿರ ಹೋಗಿ ಎಷ್ಟು ಅಂತ ಕೇಳು, ಅಷ್ಟೇ ಮಾರ್ಕ್ ಹಿಂದೆ ಸರಿಸು. ಓಟ ಮಾತ್ರ ಕಡಿಮೆ ಮಾಡಬೇಡ.

ಒಂದು ರಾತ್ರಿ ನಿದ್ದೆ ಕೆಟ್ಟರೆ ಜಂಪ್ ಕೆಡಲ್ಲ. ಕಣ್ಣು ಮುಚ್ಚಿ ಮಲಗಿದ್ದರೂ ಸಾಕು. ಬೆಳಿಗ್ಗೆ ಪೂರಿ, ವಡೆ ಬೇಡ. ಮೂರು ಗಂಟೆ ಮುಂಚೆ ಎರಡು ಇಡ್ಲಿ, ಆಮೇಲೆ ಒಂದು ಬಾಳೆಹಣ್ಣು. ಹೊಟ್ಟೆ ತೊಳಸಿದರೆ ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡು, ಹತ್ತು ಸಲ. ಡವಡವ ಪೂರ್ತಿ ನಿಲ್ಲಲ್ಲ, ನಿಲ್ಲೋದೂ ಬೇಡ. ಆದರೆ ಕೂಟ ಇಲ್ಲದ ದಿನವೂ ಊಟ ಸೇರದಿದ್ದರೆ, ಮುಟ್ಟು ತಪ್ಪಿದರೆ, ಬದುಕೇ ಬೇಡ ಅನ್ನಿಸಿದರೆ ತಡ ಮಾಡದೆ ಅಮ್ಮನಿಗೆ ಹೇಳಿ ಡಾಕ್ಟರ ಹತ್ತಿರ ಹೋಗು. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಯಾವ ಹೊತ್ತಿನಲ್ಲೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮೇಷ್ಟ್ರ ಜೊತೆ ಜಗಳ ಬೇಡ. 'ಸಾರ್, ಮಾರ್ಕ್ ಅಳೆಯೋಕೆ ಟೇಪ್ ಹಿಡೀತೀರಾ?' ಅಂತ ಕೇಳು. ಯಾವ ಪಿಟಿ ಮೇಷ್ಟ್ರೂ ಟೇಪ್ ಹಿಡಿಯಲ್ಲ ಅನ್ನಲ್ಲ.

ಅಂದ ಹಾಗೆ, ಇಷ್ಟೆಲ್ಲ ಬರೆದ ನೀನು ಮಾರ್ಕ್ ಬೋರ್ಡಿನಿಂದ ಎಷ್ಟು ದೂರ ಅಂತ ಮಾತ್ರ ಬರೆದಿಲ್ಲ. ಎಷ್ಟು ಹೆಜ್ಜೆ, ಯಾವ ಕಾಲಿನಿಂದ ಶುರು, ಯಾವ ಕಾಲಿನಿಂದ ಹಾರ್ತೀಯಾ? ಬರೆದು ಕಳಿಸು. ಕಾಯ್ತಿರ್ತೀನಿ.